ಹೈಸ್ಕೂಲು ನೋಟ್‌ಬುಕ್ಕಿನಲ್ಲಿ ಹಿಂಸೆಗೆ ಜಾಗವಿಲ್ಲವೆ?

ಅರಳಸುರಳಿಗೆ ನಾವು ಹೋದದ್ದು ಬೇರೆ ಕೆಲಸಕ್ಕೆ. ತೀರ್ಥಹಳ್ಳಿ ತಾಲೂಕಿನ ಈ ಊರಿನಲ್ಲಿ ನಮ್ಮ ಹಳೆಯ ಗೆಳೆಯರೊಬ್ಬರ ಮನೆಯಿದೆ. ಅವರು ಆ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ಮಳೆ ಹಿಡಿದುಕೊಂಡಿತ್ತು, ಕರೆಂಟು ಹೋಗಿತ್ತು. ಮಾತಿಗೆ ಕುಳಿತಲ್ಲಿಯೇ, ತಿದ್ದಲೆಂದು ತಂದು ಜಗಲಿಯ ಮೇಲಿಟ್ಟಿದ್ದ ಒಂಬತ್ತನೆಯ ತರಗತಿಯ ನೋಟ್‌ಬುಕ್ಕುಗಳ ಕಟ್ಟು ಕಣ್ಣಿಗೆ ಬಿತ್ತು. ಬೇರೇನೂ ಮಾಡಲು ತೋಚದೆ ಒಂದೊಂದನ್ನೇ ತೆಗೆದು ಓದತೊಡಗಿದೆವು.

ಕೊಟ್ಟಿದ್ದ ವಿಷಯ ‘ನಾನು ಮರೆಯಲಾಗದ ಒಂದು ದಿನ’. ಮೂವತ್ತಕ್ಕೂ ಮಿಕ್ಕಿದ ಆ ಪುಸ್ತಕಗಳಲ್ಲಿ ಹೆಚ್ಚಿನವು ಒಂದೇ ತಾಯಿಯ ಮಕ್ಕಳಂತಿದ್ದವು. ಜೋಗಕ್ಕೆ ಹೋದದ್ದು, ಆಗುಂಬೆಯ ಸೂರ್ಯಾಸ್ತ, ಅಜ್ಜನ ಮನೆಯ ಹಬ್ಬ. ‘ಪ್ರಕೃತಿಯ ಮಡಿಲಲ್ಲಿ ಮೈಮರೆತೆವು’ ಎಂಬ ಮಾತು ಹತ್ತು ಹನ್ನೆರಡು ಕಡೆ ಇತ್ತು. ಅದನ್ನು ಬರೆದವರು ದಿನ ಬೆಳಗಾದರೆ ಕಾಲಿಗೆ ಹತ್ತಿದ ಇಂಬಳ ಕಿತ್ತೆಸೆಯುತ್ತ ಅದೇ ಪ್ರಕೃತಿಯ ಮಡಿಲಿನಿಂದ ಶಾಲೆಗೆ ನಡೆದು ಬರುವ ಮಕ್ಕಳು! ಇಂಬಳದ ಬಗ್ಗೆ ಒಬ್ಬರೂ ಬರೆದಿರಲಿಲ್ಲ.

ನಡುವೆ ಒಂದು ಪುಸ್ತಕ ಬೇರೆಯಾಗಿತ್ತು. ಹುಡುಗನ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಅದರ ಸಾರಾಂಶ ಹೇಳುತ್ತೇವೆ. ಅಡಿಕೆ ಸುಗ್ಗಿಯ ಕಾಲ. ರಾತ್ರಿ ಮನೆಯವರೆಲ್ಲ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದಾರೆ. ತೋಟದ ಬೇಲಿಯ ವಿಷಯಕ್ಕೆ ಮುನಿಸಿಕೊಂಡಿದ್ದ ಚಿಕ್ಕಪ್ಪ ಕುಡಿದು ಬಂದು ಅಪ್ಪನ ಮೇಲೆ ಕತ್ತಿ ಎತ್ತುತ್ತಾನೆ. ತಡೆಯಲು ಹೋದ ಅಮ್ಮನ ಅಂಗೈ ಸೀಳುತ್ತದೆ. ಇಷ್ಟು ನಾಲ್ಕೈದು ಸಾಲಿನಲ್ಲಿ ಮುಗಿದಿತ್ತು. ಉಳಿದ ಒಂದು ಪುಟವಿಡೀ ಅಜ್ಜಿಯದು. ಆಸ್ಪತ್ರೆಗೆ ಹೋದವರು ಹೋದ ಮೇಲೆ, ಸುಲಿದ ಅಡಿಕೆಯ ರಾಶಿಯಲ್ಲಿ ರಕ್ತ ತಾಗಿದ್ದನ್ನು ಅಜ್ಜಿ ಲಾಟೀನಿನ ಬೆಳಕಿನಲ್ಲಿ ಒಂದೊಂದಾಗಿ ಹೆಕ್ಕಿ ಬೇರೆ ಬುಟ್ಟಿಗೆ ಹಾಕುತ್ತಾಳೆ, ತೊಳೆಯುತ್ತಾಳೆ, ಮತ್ತೆ ರಾಶಿಗೆ ಸೇರಿಸುತ್ತಾಳೆ. ಹುಡುಗ ಲಾಟೀನು ಹಿಡಿದಿದ್ದಾನೆ. ಅಜ್ಜಿ ಮಾತಾಡುವುದಿಲ್ಲ. ಇವನಿಗೆ ನಿದ್ದೆ ಬರುತ್ತಿದೆ, ಆದರೆ ಲಾಟೀನು ಇಡುವಂತಿಲ್ಲ.

ಅದರ ಕೆಳಗೆ ನಮ್ಮ ಗೆಳೆಯರ ಕೆಂಪು ಶಾಯಿ: ‘ಇಂತಹ ವಿಷಯ ಬೇಡ. ಬೇರೆ ಬರೆದು ತೋರಿಸು.’ ಹತ್ತಕ್ಕೆ ಎರಡು ಅಂಕ. ಮುಂದಿನ ಪುಟದಲ್ಲಿ ಹುಡುಗ ಬೇರೆ ಬರೆದಿದ್ದ. ಜೋಗ ಜಲಪಾತದ ಪ್ರವಾಸ. ಹತ್ತಕ್ಕೆ ಏಳು. ‘ಈ ತರಗತಿಯವರನ್ನು ಜೋಗಕ್ಕೆ ಕರಕೊಂಡು ಹೋಗಿದ್ರಾ?’ ಎಂದು ಕೇಳಿದೆವು. ‘ಇನ್ನೂ ಇಲ್ಲ ಮಾರಾಯ್ರೆ’ ಎಂದರು ಗೆಳೆಯರು.

ಅವರನ್ನು ದೂರುವುದು ಸುಲಭ. ಆದರೆ ಅವರು ಕೊಟ್ಟ ಕಾರಣಗಳು ತಳ್ಳಿಹಾಕುವಂಥವಲ್ಲ. ನೋಟ್‌ಬುಕ್ಕನ್ನು ಹೆಡ್‌ಮಾಸ್ಟರು ನೋಡುತ್ತಾರೆ, ತಪಾಸಣೆಗೆ ಬಂದ ಅಧಿಕಾರಿ ನೋಡುತ್ತಾರೆ. ಪಕ್ಕದ ಹುಡುಗ ಓದಿ ಊರೆಲ್ಲ ಹೇಳುತ್ತಾನೆ. ನಾಳೆ ಆ ಚಿಕ್ಕಪ್ಪನೇ ಶಾಲೆಗೆ ಬಂದು ‘ನಮ್ಮ ಮನೆ ಸುದ್ದಿ ಬರೆಸ್ಲಿಕ್ಕೆ ನೀವು ಯಾರು?’ ಎಂದರೆ ಎಂತ ಮಾಡುವುದು? ‘ಅಲ್ಲದೆ, ಮಕ್ಕಳ ಮನಸ್ಸಿನಲ್ಲಿ ರಕ್ತ, ಕತ್ತಿ ಯಾಕೆ ಬೆಳೀಬೇಕು? ಒಳ್ಳೇದನ್ನೇ ಬರೀಲಿ ಅಂತ’ ಎಂದರು. ಈ ಕೊನೆಯ ಮಾತನ್ನು ಹೇಳುವವರು ಅವರೊಬ್ಬರೇ ಅಲ್ಲ. ನಮ್ಮ ಪಾಲಕರು, ಶಿಕ್ಷಣ ಇಲಾಖೆಯವರು, ಉಸ್ತಾದರು, ಸ್ವಾಮಿಗಳು ಎಲ್ಲರೂ ಒಂದೇ ದನಿಯಲ್ಲಿ ಒಪ್ಪುವ ಮಾತು ಅದು. ಹಾಗಾಗಿಯೇ ಅದನ್ನು ಸ್ವಲ್ಪ ನಿಂತು ನೋಡಬೇಕೆನಿಸಿತು.

ರಕ್ತ, ಕತ್ತಿ ಮಕ್ಕಳ ಮನಸ್ಸಿನಲ್ಲಿ ಬೆಳೆಯಬಾರದು ಎನ್ನುವವರು ಹತ್ತನೆಯ ತರಗತಿಯ ಪ್ರಥಮ ಭಾಷೆ ಕನ್ನಡದ ಪಠ್ಯವನ್ನು ಎಂದಾದರೂ ತೆರೆದು ನೋಡಿದ್ದಾರೆಯೆ? ಇಷ್ಟು ವರ್ಷ ನಮ್ಮ ಮಕ್ಕಳು ‘ಸಿರಿ ಕನ್ನಡ’ದಲ್ಲಿ ಓದಿದ ಪದ್ಯಗಳನ್ನು ನೆನಪಿಸಿಕೊಳ್ಳಿ. ರನ್ನನ ಗದಾಯುದ್ಧದಿಂದ ಆಯ್ದ ಭಾಗದಲ್ಲಿ ದುರ್ಯೋಧನ ಭೀಷ್ಮರ ಸಂಧಿಯ ಮಾತನ್ನು ಒಪ್ಪದೆ ಛಲ ಹಿಡಿಯುತ್ತಾನೆ. ಕುಮಾರವ್ಯಾಸನ ಭಾಗದಲ್ಲಿ ಕರ್ಣ ತನ್ನ ಹುಟ್ಟಿನ ಗುಟ್ಟು ತಿಳಿದು ಕೃಷ್ಣನೆದುರು ಕುಸಿಯುತ್ತಾನೆ. ಪಂಪನ ಭಾಗದಲ್ಲಿ ದ್ರುಪದನ ಆಸ್ಥಾನದಲ್ಲಿ ದ್ರೋಣನ ಅವಮಾನ. ಆ ಅವಮಾನದಿಂದ ಮುಂದೆ ಎಷ್ಟು ಹೆಣ ಬಿತ್ತು ಎಂದು ಭಾರತ ಬಲ್ಲವರಿಗೆ ಹೇಳಬೇಕಿಲ್ಲ. ಲಕ್ಷ್ಮೀಶನ ಲವ ಯಜ್ಞಾಶ್ವ ಕಟ್ಟಿ ಸೈನ್ಯಕ್ಕೆ ಇದಿರಾಗುತ್ತಾನೆ. ಲಾವಣಿಯಲ್ಲಿ 1857ರ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ಬ್ರಿಟಿಷರೊಡನೆ ಕಾದಿ ಸಾಯುತ್ತಾರೆ. ಇನ್ನು ಒಂದನೆಯ ತರಗತಿಗೆ ಕಾಲಿಡುವ ಮೊದಲೇ ಮಗು ಕೇಳುವ ಗೋವಿನ ಹಾಡಿನಲ್ಲಿ ಹಸಿದ ಹುಲಿ ಕೊನೆಗೆ ತಾನೇ ಪ್ರಾಣ ಬಿಡುತ್ತದೆ. ನಮ್ಮ ಮದ್ರಸಗಳಲ್ಲಿ ಅದೇ ವಯಸ್ಸಿನ ಮಕ್ಕಳಿಗೆ ಯೂಸುಫರನ್ನು ಅಣ್ಣಂದಿರು ಬಾವಿಗೆ ತಳ್ಳಿದ ಕತೆ, ಹಾಬೀಲ್ ಮತ್ತು ಕಾಬೀಲರ ಕತೆ ಹೇಳಿಕೊಡುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಪದ ಕೇಳುತ್ತ ಬೆಳೆಯುವ ಮಕ್ಕಳಿಗೆ, ಅವರು ಯಾವ ಜಾತಿಯವರೇ ಇರಲಿ, ಕರ್ಬಲಾದ ನೀರಡಿಕೆ ಗೊತ್ತು.

ಹಿಂಸೆಯಿಲ್ಲದ ಸಾಹಿತ್ಯವನ್ನು ನಾವು ಮಕ್ಕಳಿಗೆ ಎಂದೂ ಕೊಟ್ಟಿಲ್ಲ. ಕೊಡುವುದೂ ಸಾಧ್ಯವಿಲ್ಲ, ಅದು ಬೇರೆ ಮಾತು. ಹಾಗಾದರೆ ನಾವು ನಿಜವಾಗಿ ಹೇಳುತ್ತಿರುವುದು ಇಷ್ಟೇ: ಹಿಂಸೆಯನ್ನು ಓದು, ಬಾಯಿಪಾಠ ಮಾಡು, ‘ಸಂದರ್ಭ ಸಹಿತ ಸ್ವಾರಸ್ಯ’ ಬರೆ, ಅಂಕ ತೆಗೆ. ಆದರೆ ನೀನು ಕಂಡದ್ದನ್ನು ಬರೆಯಬೇಡ. ಕರ್ಣನ ಸಂಕಟಕ್ಕೆ ಮೂರು ಅಂಕ ಸಿಗಬಹುದು. ಅಣ್ಣತಮ್ಮಂದಿರ ಜಗಳದಲ್ಲಿ ಅಂಗೈ ಸೀಳಿಸಿಕೊಂಡ ತಾಯಿ ಮಾತ್ರ ‘ಇಂತಹ ವಿಷಯ’ವಾಗುತ್ತಾಳೆ. ಕುರುಕ್ಷೇತ್ರವೂ ಬೇಲಿಯ ಜಗಳವೇ ಆಗಿತ್ತು ಎಂದು ಪಾಠ ಮಾಡುವ ಮೇಷ್ಟ್ರಿಗೆ ಆ ನೋಟ್‌ಬುಕ್ಕು ಕೈಗೆ ಬಂದಾಗ ಖುಷಿಯಾಗಬೇಕಿತ್ತು. ಒಬ್ಬ ವಿದ್ಯಾರ್ಥಿಗಾದರೂ ಪಾಠ ತಲುಪಿದೆ ಎಂದು.

ಇದೇ ‘ಸಿರಿ ಕನ್ನಡ’ದಲ್ಲಿದ್ದ ಒಂದು ಗದ್ಯದ ಕತೆಯನ್ನು ಇಲ್ಲಿ ನೆನೆಯಬೇಕು. ಸಾರಾ ಅಬೂಬಕ್ಕರ್ ಅವರ ‘ಯುದ್ಧ’. ಯುದ್ಧಕಾಲದ ಒಂದು ರಾತ್ರಿ, ಗಡಿಯ ಸಮೀಪದ ಕತ್ತಲೆಯ ಮನೆ, ಒಬ್ಬ ಮುದುಕಿ, ಹೆರಿಗೆಯ ಸಂಕಟದಲ್ಲಿರುವ ಹೆಂಗಸು, ರಾಹಿಲ ಎಂಬ ವೈದ್ಯ. ಈ ಕತೆಯನ್ನು ಓದಿದ ಹುಡುಗರಿಗೆ ಯಾವ ದೇಶ ಗೆದ್ದಿತು ಎಂಬ ಪ್ರಶ್ನೆ ಏಳುವುದೇ ಇಲ್ಲ. ಆ ಮನೆಯ ಹೊಸ್ತಿಲಿನೊಳಗೆ ಏನಾಯಿತು ಎಂಬುದಷ್ಟೇ ಉಳಿಯುತ್ತದೆ. 2022ರಲ್ಲಿ ರೋಹಿತ್ ಚಕ್ರತೀರ್ಥರ ಸಮಿತಿ ಪಠ್ಯ ಪರಿಷ್ಕರಿಸಿದಾಗ ಈ ಕತೆಯನ್ನು ಕೈಬಿಡಲಾಯಿತು. ಅದರ ಜೊತೆಗೆ ಲಂಕೇಶರ ‘ಮೃಗ ಮತ್ತು ಸುಂದರಿ’, ಎ.ಎನ್. ಮೂರ್ತಿರಾಯರ ‘ವ್ಯಾಘ್ರಗೀತೆ’ಯೂ ಹೋದವು. ಹುಲಿಯೊಂದು ಶಾನುಭೋಗರನ್ನು ಅಟ್ಟಿಸಿಕೊಂಡು ಬರುವ ನಗೆಬರಹಕ್ಕೂ ಜಾಗವಿಲ್ಲವಾಯಿತು! 2023ರ ಜನವರಿ 10ರಂದು ಸಾರಾ ಮಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷ ಜೂನ್‌ನಲ್ಲಿ ಹೊಸ ಸರಕಾರ ಪಠ್ಯವನ್ನು ಮತ್ತೆ ತಿದ್ದಿದಾಗ ‘ಯುದ್ಧ’ ಮರಳಿ ಸೇರಿತು. ಅದನ್ನು ನೋಡಲು ಅವರಿರಲಿಲ್ಲ.

ಆ ಗಲಾಟೆಯಲ್ಲಿ ಎರಡೂ ಕಡೆಯವರು ಬೇಕಾದಷ್ಟು ಬರೆದರು, ನಾವೂ ಓದಿದೆವು. ಯಾರ ಪಾಠ ಇರಬೇಕು, ಯಾರದ್ದು ಹೋಗಬೇಕು ಎಂಬುದರ ಮೇಲೆಯೇ ಎಲ್ಲರ ಕಣ್ಣು. ಪಾಠ ಓದಿದ ಮಕ್ಕಳು ಅದಕ್ಕೆ ಉತ್ತರವಾಗಿ ತಮ್ಮದೊಂದು ಪುಟ ಬರೆಯಬಹುದೆ ಎಂದು ಯಾರೂ ಕೇಳಲಿಲ್ಲ. ‘ಯುದ್ಧ’ ಪಾಠದ ಕೊನೆಗೆ ‘ನಿಮ್ಮ ಮನೆಯ ಹೊಸ್ತಿಲಿಗೆ ಬಂದ ಒಂದು ಜಗಳದ ಬಗ್ಗೆ ಬರೆಯಿರಿ’ ಎಂಬ ಅಭ್ಯಾಸವನ್ನು ಕೊಡುವ ಧೈರ್ಯ ಯಾವ ಸಮಿತಿಗೂ ಬರಲಾರದು.

ನಮ್ಮ ಸಮುದಾಯದ ಬೆನ್ನನ್ನೂ ನೋಡಿಕೊಳ್ಳೋಣ. ಇದೇ ಸಾರಾ ಅವರು ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ನಾದಿರಾಳ ಬದುಕು ಮತ್ತು ಸಾವನ್ನು ಬರೆದಾಗ ನಮ್ಮಲ್ಲೇ ಎಷ್ಟು ಮಂದಿ ಮುನಿದಿದ್ದರು ಎಂಬುದನ್ನು ಹಳಬರು ಮರೆತಿರಲಾರರು. ಮನೆಯೊಳಗಿನ ಹಿಂಸೆಯನ್ನು ಬೀದಿಗೆ ಹಾಕಿದರು ಎಂಬುದೇ ದೂರು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಸಂಕಲನಕ್ಕೆ ಹೆಸರು ಕೊಟ್ಟ ಕತೆಯಲ್ಲಿ ತಾಯಿ ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ, ಮಗಳು ತಡೆಯುತ್ತಾಳೆ. ಆ ಮಗಳ ವಯಸ್ಸಿನ ಹುಡುಗಿಯೊಬ್ಬಳು ನಮ್ಮದೇ ಆಡಳಿತದ ಶಾಲೆಯೊಂದರಲ್ಲಿ ಇಂಥದ್ದೊಂದು ರಾತ್ರಿಯನ್ನು ಪ್ರಬಂಧದಲ್ಲಿ ಬರೆದರೆ ಏನಾಗುತ್ತದೆ? ಅವಳ ತಂದೆಯನ್ನು ಕರೆಸಿ, ‘ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ ಸಾಹೇಬ್ರೆ’ ಎನ್ನುತ್ತಾರೆ. ಸೀಮೆಎಣ್ಣೆಯ ಡಬ್ಬ ಮಾತ್ರ ಇದ್ದಲ್ಲೇ ಇರುತ್ತದೆ.

ತೀರ್ಥಹಳ್ಳಿಯ ನೆಲದಲ್ಲಿ ನಿಂತು ಈ ಮಾತಾಡುವಾಗ ಇನ್ನೊಂದು ವಿಚಿತ್ರ ಕಾಣುತ್ತದೆ. ಕನ್ನಡದಲ್ಲಿ ಹಿಂಸೆಯನ್ನು ಎಳೆಯರ ಕಣ್ಣಿನಿಂದ ನೋಡಿ ಬರೆದ ದೊಡ್ಡ ಬರಹಗಾರರು ಇಲ್ಲಿಯವರೇ. ಕುಪ್ಪಳಿಯ ಕುವೆಂಪು ಏಕಲವ್ಯನ ಬೆರಳನ್ನು ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಮತ್ತೆ ಎತ್ತಿಕೊಂಡರು. ಗುರುವೇ ಶಿಷ್ಯನ ಮೇಲೆ ನಡೆಸಿದ ಹಿಂಸೆ ಅದು. ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಊರಿನ ಮಕ್ಕಳೆಲ್ಲ ಮಾಯವಾಗಿ ಹೋಗುತ್ತಾರೆ, ಕುಂಟ ಹುಡುಗನೊಬ್ಬ ಉಳಿಯುತ್ತಾನೆ. ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯದ ಎಳೆ ಹಿಡಿದು ಬರೆದದ್ದು. ಯೋಚಿಸಿ ನೋಡಿದರೆ ಇದಕ್ಕಿಂತ ಭಯಾನಕ ಕತೆ ಇನ್ನೊಂದಿಲ್ಲ, ಆದರೂ ತಲೆಮಾರುಗಳಿಂದ ಮಕ್ಕಳು ಅದನ್ನು ಕುಣಿದು ಆಡಿದ್ದಾರೆ. ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ಹೇಳುವವನು ವೇದ ಕಲಿಯಲು ಬಂದ ಪುಟ್ಟ ಹುಡುಗ. ವಿಧವೆ ಯಮುನಕ್ಕ ಗರ್ಭಿಣಿಯಾದದ್ದು, ಅವಳನ್ನು ಬದುಕಿದ್ದಂತೆಯೇ ಸತ್ತವಳೆಂದು ಮಾಡಿ ಹೊರಹಾಕಿದ್ದು ಎಲ್ಲವೂ ಅವನ ಕಣ್ಣೆದುರು. ಇದೇ ತಾಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿ 1977ರಲ್ಲಿ ಅದನ್ನು ಸಿನಿಮಾ ಮಾಡಿ ಸ್ವರ್ಣಕಮಲ ತಂದರು.

ಆ ಹುಡುಗ ಇವತ್ತಿನ ಒಂಬತ್ತನೆಯ ತರಗತಿಯಲ್ಲಿ ಕುಳಿತು ‘ನಾನು ಮರೆಯಲಾಗದ ಒಂದು ದಿನ’ ಬರೆದರೆ? ಕೆಂಪು ಶಾಯಿ ಕಾದಿರುತ್ತದೆ. ಬೇರೆ ಬರೆದು ತೋರಿಸು.

ಈಗ ನಮ್ಮ ಹುಡುಗನ ಪುಟಕ್ಕೆ ಬರೋಣ. ವಿಮರ್ಶೆ ಎಂದರೆ ದೊಡ್ಡವರ ಪುಸ್ತಕಗಳಿಗೆ ಮಾತ್ರ ಸಲ್ಲುವ ಮರ್ಯಾದೆ ಎಂದು ತಿಳಿದಿದ್ದೇವೆ. ಆ ಒಂದೂವರೆ ಪುಟಕ್ಕೂ ಅದು ಸಲ್ಲಬೇಕು. ಅಲ್ಲಿ ಕತ್ತಿ ಬೀಸಿದ್ದಕ್ಕೆ ನಾಲ್ಕೈದು ಸಾಲು, ರಕ್ತ ತೊಳೆದದ್ದಕ್ಕೆ ಒಂದು ಪುಟ. ಈ ಅಳತೆಯಲ್ಲೇ ಬರೆಯುವವನ ಮನಸ್ಸು ಗೊತ್ತಾಗುತ್ತದೆ. ಚಿಕ್ಕಪ್ಪನನ್ನು ಅವನು ರಾಕ್ಷಸನನ್ನಾಗಿಯೂ ಮಾಡಿಲ್ಲ, ಹೀರೋ ಆಗಿಯೂ ಮಾಡಿಲ್ಲ. ಅಜ್ಜಿ ಅಡಿಕೆಯನ್ನು ಮತ್ತೆ ರಾಶಿಗೆ ಸೇರಿಸುತ್ತಾಳೆ. ಬಡವರ ಮನೆಯಲ್ಲಿ ರಕ್ತ ತಾಗಿತೆಂದು ಅಡಿಕೆ ಎಸೆಯಲಾಗುವುದಿಲ್ಲ ಎಂಬುದನ್ನು ಅವನು ಎಲ್ಲೂ ಹೇಳದೆಯೇ ಹೇಳಿದ್ದಾನೆ. ತಪ್ಪುಗಳೂ ಇದ್ದವು. ಅಲ್ಪಪ್ರಾಣ ಮಹಾಪ್ರಾಣ ಅಡ್ಡಾದಿಡ್ಡಿ, ಕೊನೆಗೆ ಯಾವುದೋ ಗೈಡಿನಿಂದ ತಂದಂತೆ ‘ಕೋಪವು ಮನುಷ್ಯನ ಶತ್ರು’ ಎಂಬ ಸಾಲು. ಮೇಷ್ಟ್ರು ಹೊಡೆದುಹಾಕಬೇಕಿದ್ದದ್ದು ಆ ಸಾಲನ್ನು.

ಹಿಂಸೆ ವಿದ್ಯಾರ್ಥಿಯ ಬರಹದಲ್ಲಿ ಇರಬಹುದೆ ಎಂದು ಕೇಳಿದರೆ ನಮ್ಮ ಉತ್ತರ, ಇರಲಿ ಎಂಬುದೇ. ಕೇಳಬೇಕಾದದ್ದು, ಆ ಬರಹದಲ್ಲಿ ಹೊಡೆತ ತಿಂದವರು ಕಾಣುತ್ತಾರೆಯೆ ಎಂದು. ಹಾಬೀಲನನ್ನು ಕೊಂದ ಕಾಬೀಲನ ಕತೆಯಲ್ಲಿ ಮಗುವಿಗೆ ನೆನಪುಳಿಯುವುದು ಕೊಲೆ ಹೇಗೆ ನಡೆಯಿತು ಎಂಬುದಲ್ಲ. ನೆಲ ಕೆದಕುವ ಕಾಗೆ, ತಮ್ಮನ ದೇಹವನ್ನು ಏನು ಮಾಡಬೇಕೆಂದು ತಿಳಿಯದೆ ನಿಂತ ಅಣ್ಣ. ಅಜ್ಜಿಯ ಬುಟ್ಟಿ ಆ ಕಾಗೆಯ ಹತ್ತಿರದ ಸಂಬಂಧಿ.

ಹೊಡೆತ ತಿಂದವರು ಕಾಣದ ಬರಹವೂ ನಮ್ಮ ಶಾಲೆಗಳಲ್ಲಿ ಹೇರಳವಾಗಿದೆ. ಹುಡುಗರು ಕತೆ ಬರೆಯಿರಿ ಎಂದರೆ ಸಿನಿಮಾ ಬರೆಯುತ್ತಾರೆ. 1995ರ ‘ಓಂ’ನಿಂದ ಹಿಡಿದು ‘ಕೆಜಿಎಫ್’ವರೆಗೆ ಲಾಂಗು, ಮಚ್ಚು, ಹತ್ತು ಜನರನ್ನು ಒಬ್ಬನೇ ಕೆಡಹುವುದು. ಬಿದ್ದವರಿಗೆ ಹೆಸರಿಲ್ಲ, ಮನೆಯಿಲ್ಲ. ಇಂಥದ್ದು ಕೈಗೆ ಬಂದಾಗ ಮೇಷ್ಟ್ರು ಗದರಿಸಿ ಹರಿದರೆ ಹುಡುಗ ಮುಂದಿನ ಸಲ ಜೋಗ ಜಲಪಾತ ಬರೆಯುತ್ತಾನೆ, ಮನಸ್ಸಿನಲ್ಲಿ ಲಾಂಗು ಹಾಗೇ ಇರುತ್ತದೆ. ಅದರ ಬದಲು ಒಂದು ಪ್ರಶ್ನೆ ಕೇಳಬಹುದು: ‘ಆ ಬಿದ್ದ ಹತ್ತನೆಯವನ ಮನೆಗೆ ಸುದ್ದಿ ಕೊಂಡುಹೋದವರು ಯಾರು? ಬಾಗಿಲು ತೆಗೆದವರು ಯಾರು? ಅಷ್ಟು ಬರೆದು ತಾ.’ ಈ ಒಂದು ಪ್ರಶ್ನೆಯ ಮುಂದೆ ಎಷ್ಟೋ ಸಿನಿಮಾ ಕತೆಗಳು ನಿಲ್ಲಲಾರವು, ಒಂದೆರಡು ನಿಜವಾದ ಕತೆಗಳಾಗುತ್ತವೆ.

ಆದರೆ ಮೇಷ್ಟ್ರುಗಳ ಭಯಕ್ಕೆ ಇನ್ನೊಂದು ಕಾರಣವಿದೆ. ಗೆಳೆಯರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಎದುರಿಗೆ ಕೂತಿದ್ದವರು ನಾವು ಎಂಬ ಕಾರಣಕ್ಕಿರಬಹುದು. 2020ರ ಜನವರಿ 21ರಂದು ಬೀದರಿನ ಶಾಹೀನ್ ಶಾಲೆಯಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ಪ್ರಧಾನಿಯನ್ನು ಚಪ್ಪಲಿಯಲ್ಲಿ ಹೊಡೆಯುವ ಮಾತು ಅದರಲ್ಲಿತ್ತೆಂದು ದೂರು. ದೇಶದ್ರೋಹದ ಮೊಕದ್ದಮೆ ಬಿತ್ತು. ಜನವರಿ 30ರಂದು ಮುಖ್ಯೋಪಾಧ್ಯಾಯಿನಿಯನ್ನೂ ಒಬ್ಬ ಬಾಲಕಿಯ ತಾಯಿಯನ್ನೂ ಬಂಧಿಸಿದರು. ಎರಡು ವಾರ ಅವರು ಜೈಲಿನಲ್ಲಿದ್ದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಪುಟ್ಟ ಮಕ್ಕಳನ್ನು ಪ್ರಶ್ನಿಸಿದರು. ಸಮವಸ್ತ್ರದಲ್ಲಿ, ಆಯುಧ ಸಹಿತ ಹಾಗೆ ಮಾಡಿದ್ದು ಬಾಲನ್ಯಾಯ ಕಾಯ್ದೆಯ ಉಲ್ಲಂಘನೆಯೆಂದು 2021ರ ಆಗಸ್ಟ್‌ನಲ್ಲಿ ಹೈಕೋರ್ಟ್ ಮೇಲ್ನೋಟಕ್ಕೆ ಕಂಡುಕೊಂಡಿತು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಇಡೀ ಮೊಕದ್ದಮೆಯನ್ನೇ ರದ್ದುಪಡಿಸಿತು. ಆ ತೀರ್ಪು ನ್ಯಾಯ ಕೊಟ್ಟಿತು. ಜೊತೆಗೆ ಮಕ್ಕಳನ್ನು ಪ್ರಚಲಿತ ರಾಜಕೀಯ ವಿಷಯಗಳಿಂದ ದೂರವಿಟ್ಟು ಜ್ಞಾನ, ತಂತ್ರಜ್ಞಾನಗಳತ್ತ ಒಯ್ಯುವುದು ಒಳಿತೆಂಬ ಅರ್ಥದ ಬುದ್ಧಿಮಾತನ್ನೂ ಸೇರಿಸಿತು. ಮೊದಲನೆಯದಕ್ಕೆ ನಾವು ಋಣಿಗಳು. ಎರಡನೆಯದನ್ನು ಗೌರವದಿಂದಲೇ ಒಪ್ಪಲಾರೆವು. ತನ್ನ ಮನೆಯವರು ಹಗಲಿರುಳು ಕಾಗದಪತ್ರ ಹುಡುಕುತ್ತಿರುವುದನ್ನು ಕಂಡ ಮಗುವಿಗೆ ಅದು ರಾಜಕೀಯವಲ್ಲ, ಮನೆಯ ಸಮಾಚಾರ.

ಅದಕ್ಕೆ ಒಂದು ತಿಂಗಳ ಹಿಂದೆ, 2019ರ ಡಿಸೆಂಬರ್‌ನಲ್ಲಿ, ದಕ್ಷಿಣ ಕನ್ನಡದ ಕಲ್ಲಡ್ಕದ ಶ್ರೀರಾಮ ವಿದ್ಯಾಕೇಂದ್ರದ ಕ್ರೀಡೋತ್ಸವದಲ್ಲಿ ವಿದ್ಯಾರ್ಥಿಗಳು ಬಾಬರಿ ಮಸೀದಿ ಕೆಡಹುವ ಪ್ರದರ್ಶನ ನಡೆಸಿದ್ದರು. ಕೇಂದ್ರ ಮಂತ್ರಿಯೊಬ್ಬರು ಎದುರಿಗಿದ್ದರು. ಅಲ್ಲಿಯೂ ದೂರು ದಾಖಲಾಯಿತು. ಅಲ್ಲಿಯ ಮಕ್ಕಳನ್ನು ಪೊಲೀಸರು ಪ್ರಶ್ನಿಸಬೇಕಿತ್ತು ಎಂದು ನಾವು ಹೇಳುವುದಿಲ್ಲ, ಎಂದಿಗೂ ಹೇಳೆವು. ನಾವು ತೋರಿಸುವುದು ಬೇರೆ. ಅದು ಮಕ್ಕಳ ಬರಹವಾಗಿರಲಿಲ್ಲ, ದೊಡ್ಡವರ ಬರಹವನ್ನು ಮಕ್ಕಳ ಮೈಯಿಂದ ಆಡಿಸಿದ್ದು. ಅದರಲ್ಲಿ ಬೀಳುವ ಕಟ್ಟಡವಿತ್ತು. ಕೆಡವಿದ ಮೇಲೆ ಮುಂಬೈಯಿಂದ ಹಿಡಿದು ದೇಶದುದ್ದಗಲ ಸತ್ತವರು ಇರಲಿಲ್ಲ. ಬೀದರಿನ ನಾಟಕದ ಚಪ್ಪಲಿಯ ಮಾತಿನ ಬಗ್ಗೆಯೂ ಇದೇ ಅಳತೆಗೋಲು ಇಟ್ಟು, ‘ಇದು ಮಗುವಿನದೇ ಮಾತೆ, ದೊಡ್ಡವರು ಬಾಯಿಗಿಟ್ಟದ್ದೆ?’ ಎಂದು ಒಬ್ಬ ಮೇಷ್ಟ್ರು ತರಗತಿಯಲ್ಲಿ ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ಮೇಷ್ಟ್ರು ಕೇಳಬೇಕಾದ ಪ್ರಶ್ನೆಯನ್ನು ಠಾಣೆಯವರು ಕೇಳಿದ್ದೇ ಅನ್ಯಾಯ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. 2007ರ ಏಪ್ರಿಲ್‌ನಲ್ಲಿ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬ 32 ಜನರನ್ನು ಗುಂಡಿಕ್ಕಿ ಕೊಂದ. ಅವನು ಮೊದಲೇ ಹಿಂಸೆ ತುಂಬಿದ ನಾಟಕಗಳನ್ನು ತರಗತಿಗೆ ಬರೆದುಕೊಟ್ಟಿದ್ದ ಎಂದು ತಿಳಿದಾಗ ಅಲ್ಲಿನ ಶಾಲೆಗಳು ಬೆಚ್ಚಿದವು. ಅದೇ ತಿಂಗಳು ಇಲಿನಾಯ್ ರಾಜ್ಯದ ಕ್ಯಾರಿ ಎಂಬ ಊರಿನ ಹೈಸ್ಕೂಲಿನಲ್ಲಿ, ಮನಸ್ಸಿಗೆ ಬಂದದ್ದನ್ನು ತಡೆಯದೆ ಬರೆಯಿರಿ ಎಂದು ಟೀಚರು ಹೇಳಿದ್ದಕ್ಕೆ, ಒಬ್ಬ ಹುಡುಗ ಹಾಗೆಯೇ ಬರೆದ. ಅವನನ್ನು ಬಂಧಿಸಿದರು! ಆಮೇಲೆ ಮೊಕದ್ದಮೆ ಕೈಬಿಟ್ಟರು. ವರ್ಜೀನಿಯಾದವನ ಬರಹ ಕಂಡು ಅವನ ಅಧ್ಯಾಪಕರು ಗಾಬರಿಯಾಗಿದ್ದರು, ಮೇಲಿನವರಿಗೆ ಹೇಳಿದ್ದರು. ಬರಹ ಸುಳಿವು ಕೊಟ್ಟಿತ್ತು, ಸುಳಿವು ಹಿಡಿದು ಅವನ ಬಳಿಗೆ ಹೋಗುವ ವ್ಯವಸ್ಥೆ ಸೋತಿತು. ಅದರಿಂದ ಕಲಿತದ್ದು ಮಾತ್ರ, ಬರೆದವನನ್ನು ಹಿಡಿಯಿರಿ ಎಂಬ ಪಾಠ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಮಡಿಕೆ ಇದೆ. ‘ಕತ್ತಿ’ ಎಂಬ ಪದ ರಮೇಶನ ನೋಟ್‌ಬುಕ್ಕಿನಲ್ಲಿದ್ದರೆ ಅಡಿಕೆ ತೋಟದ ಕತ್ತಿ. ರಫೀಕನ ನೋಟ್‌ಬುಕ್ಕಿನಲ್ಲಿದ್ದರೆ? 2014ರ ಅಕ್ಟೋಬರ್ ಕೊನೆಯಲ್ಲಿ ತೀರ್ಥಹಳ್ಳಿಯಲ್ಲಿ ಹೈಸ್ಕೂಲಿನ ಬಾಲಕಿಯೊಬ್ಬಳು ತೀರಿಕೊಂಡಾಗ ಊರು ಹೊತ್ತಿಕೊಂಡಿತು. ಕಲ್ಲು ತೂರಾಟ, ಬೆಂಕಿ, ನಿಷೇಧಾಜ್ಞೆ, ಸಿಐಡಿ ತನಿಖೆ. 2022ರ ಫೆಬ್ರವರಿಯಲ್ಲಿ ಹಿಜಾಬಿನ ಗಲಾಟೆಗೆ ರಾಜ್ಯದ ಹೈಸ್ಕೂಲು, ಕಾಲೇಜುಗಳನ್ನೆಲ್ಲ ಮೂರು ದಿನ ಮುಚ್ಚಿದರು. ಅದೇ ತಿಂಗಳ 20ರಂದು ಶಿವಮೊಗ್ಗದಲ್ಲಿ ಯುವಕನೊಬ್ಬನ ಕೊಲೆಯಾಗಿ ನಗರಕ್ಕೆ ಮತ್ತೆ ಬೆಂಕಿ ಬಿತ್ತು. ಈ ಎರಡು ಸಲವೂ ಶಾಲೆ ಬಾಗಿಲು ತೆರೆದ ದಿನ ಒಂದೇ ಬೆಂಚಿನಲ್ಲಿ ಎರಡು ಬೇರೆ ಬೇರೆ ರಾತ್ರಿಗಳನ್ನು ಕಂಡ ಮಕ್ಕಳು ಕುಳಿತಿದ್ದರು. ಒಬ್ಬನ ಮನೆಯಲ್ಲಿ ಸತ್ತವರಿಗಾಗಿ ಅತ್ತಿರಬಹುದು, ಇನ್ನೊಬ್ಬನ ಮನೆಯಲ್ಲಿ ದೀಪ ಆರಿಸಿ ಕುಳಿತಿರಬಹುದು. ಅವತ್ತು ಅವರಿಬ್ಬರೂ ಬರೆದು, ಒಬ್ಬರದ್ದನ್ನು ಇನ್ನೊಬ್ಬರು ಓದಿದ್ದರೆ ಎನಿಸುತ್ತದೆ. ಎಲ್ಲ ಕಡೆ ಸುಮ್ಮನೆ ಪಾಠ ಮುಂದುವರಿಯಿತು. ಅವರು ತಮ್ಮ ಆ ರಾತ್ರಿಗಳನ್ನು ಆಮೇಲೆ ಮೊಬೈಲಿನಲ್ಲಿ ಬೇರೆಯವರು ಬರೆದ ಮಾತುಗಳಲ್ಲಿ ಓದಿಕೊಂಡರು.

ಏನು ಬೇಕಾದರೂ ಬರೆಯಲಿ ಎಂದು ನಾವು ಹೇಳುತ್ತಿಲ್ಲ. ಸಹಪಾಠಿಯ ಹೆಸರು ಹಿಡಿದು ಹೊಡೆಯುತ್ತೇನೆ ಎಂದು ಬರೆದರೆ ಅದು ಕತೆಯಲ್ಲ, ಬೆದರಿಕೆ. ಆ ಇಬ್ಬರನ್ನೂ ಕೂರಿಸಿ ಮಾತಾಡಬೇಕು. ಸಾಯಬೇಕು ಎನಿಸುತ್ತದೆ ಎಂದು ಹುಡುಗಿಯೊಬ್ಬಳು ಬರೆದರೆ ಅಂಕ ಹಾಕುವ ಮೊದಲು ಅವಳನ್ನು ಹತ್ತಿರ ಕೂರಿಸಿಕೊಳ್ಳಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಬರಹದಿಂದ ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅದನ್ನು ತಿಳಿಸುವುದು ಮೇಷ್ಟ್ರ ಮೇಲಿರುವ ಕಾನೂನಿನ ಹೊಣೆ. 1098 ಸಹಾಯವಾಣಿ ಇರುವುದೂ ಇಂಥದ್ದಕ್ಕೆ. ಶಾಲೆಯಲ್ಲೇ ಪೆಟ್ಟು ತಿಂದದ್ದನ್ನು ಬರೆದರೆ? ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಆ ಪೆಟ್ಟನ್ನು ನಿಷೇಧಿಸಿದೆ. ಅಲ್ಲಿ ತಪ್ಪು ಬರೆದವನದ್ದಲ್ಲ. ಇನ್ನು ಕೆಲವು ಮಕ್ಕಳಿಗೆ ಬರೆಯುವುದೇ ಬೇಡವಾಗಿರುತ್ತದೆ. ಬರೆ ಎಂದು ಗಾಯ ಕೆದಕಿಸುವ ಹಕ್ಕು ಯಾರಿಗೂ ಇಲ್ಲ. ಇಂಥ ಬರಹವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಕಿಲ್ಲ, ಗೋಡೆಪತ್ರಿಕೆಗೆ ಅಂಟಿಸಬೇಕಿಲ್ಲ. ಮೇಷ್ಟ್ರು ಓದಿದರೆ ಸಾಕು, ಓದಿ ಮಕ್ಕಳಿಗೆ ಒಂದು ಮಾತು ಹೇಳಿದರೆ ಸಾಕು.

ಇದೆಲ್ಲಕ್ಕೂ ಮೊದಲು ಮೇಷ್ಟ್ರಿಗೆ ಪುರುಸೊತ್ತಿರಬೇಕು, ಅದು ನಮಗೂ ಗೊತ್ತು. ಮೂವತ್ತು ನೋಟ್‌ಬುಕ್ಕು, ಜನಗಣತಿ, ಬಿಸಿಯೂಟದ ಲೆಕ್ಕ, ಎಸ್ಸೆಸ್ಸೆಲ್ಸಿ ಫಲಿತಾಂಶ ಏಕೆ ಇಳಿಯಿತೆಂಬ ನೋಟೀಸಿಗೆ ಉತ್ತರ. ಗೆಳೆಯರು ಆ ರಾತ್ರಿ ಎಲ್ಲ ಕೇಳಿಸಿಕೊಂಡು, ‘ನೀವು ಪತ್ರಿಕೆಯವರು, ನಿಮಗೆ ಸುಲಭ’ ಎಂದರು. ಅದರಲ್ಲಿ ಸುಳ್ಳಿರಲಿಲ್ಲ.

ಎರಡು ತಿಂಗಳ ಮೇಲೆ ಅವರೇ ಫೋನು ಮಾಡಿದರು. ಆ ಹುಡುಗನನ್ನು ಸ್ಟಾಫ್ ರೂಮಿನ ಹೊರಗೆ ಕರೆದು ಕೇಳಿದರಂತೆ:

‘ಅವತ್ತು ಅಡಿಕೆದೊಂದು ಬರೆದಿದ್ಯಲ್ಲ, ಅದನ್ನ ಮತ್ತೆ ತೋರಿಸ್ತೀಯೇನೋ?’

‘ಯಾವ್ದು ಸಾ?’

‘ಅದೇ, ಅಜ್ಜಿದು.’

ಹುಡುಗ ತಲೆ ತಗ್ಗಿಸಿ ನಿಂತನಂತೆ. ನೋಟ್‌ಬುಕ್ಕು ತೆಗೆದು ನೋಡಿದರೆ ಆ ಹಾಳೆ ಇರಲಿಲ್ಲ. ಪಿನ್ನಿನ ಹತ್ತಿರದಿಂದಲೇ ಅಚ್ಚುಕಟ್ಟಾಗಿ ಹರಿದಿದ್ದ. ಅದರ ಜೋಡಿ ಹಾಳೆ ಸಡಿಲವಾಗಿ ನೇತಾಡುತ್ತಿತ್ತು, ಅದರಲ್ಲಿ ಸಮಾಸಗಳು ಇದ್ದವು. ‘ಮನೇಲಿ ಯಾರಾದರೂ ನೋಡಿದ್ರೇನೋ?’ ಎಂದರೆ, ‘ಇಲ್ಲ ಸಾ, ನೀವು ಬೇಡ ಅಂದಿದ್ರಲ್ಲ’ ಎಂದನಂತೆ.